ಏಡಿ ಗುರುತಿನ ಹಂಚು

ಅಪ್ಪನ ಹಂಚಿನ ಕಾರ್ಖಾನೆ ಕೂಳೂರು ಹೊಳೆಯ ದಡದಲ್ಲಿತ್ತು. ಮಣ್ಣು ದೋಣಿಯಲ್ಲಿ ಬರುತ್ತಿತ್ತು. ಒಂದು ಅಚ್ಚಿನ ಯಂತ್ರ, ಹಂಚು ಸುಡುವ ಎರಡು ಆವಿಗೆಗಳು, ನಲುವತ್ತರಷ್ಟು ಕೆಲಸದವರು. ಮಂಗಳೂರಿನ ದೊಡ್ಡ ಕಾರ್ಖಾನೆಗಳ ಎದುರು ನಮ್ಮದು ಲೆಕ್ಕಕ್ಕೇ ಇಲ್ಲ. ಆದರೆ ನಮ್ಮ ಹಂಚನ್ನು ಮಗುಚಿ ನೋಡಿದರೆ ಅಡಿಯಲ್ಲಿ ಒಂದು ಏಡಿಯ ಚಿತ್ರ ಉಬ್ಬಿಕೊಂಡಿರುತ್ತಿತ್ತು. ಆನೆ, ನಕ್ಷತ್ರ, ಹುಂಜ ಎಲ್ಲ ಬೇರೆಯವರ ಪಾಲಾದ ಮೇಲೆ ಅಪ್ಪನಿಗೆ ಉಳಿದದ್ದು ಹೊಳೆಬದಿಯ ಈ ಜೀವಿ. ತುಳುವಿನಲ್ಲಿ ಏಡಿಗೆ ದೆಂಜಿ ಅನ್ನುತ್ತಾರೆ. ಅಕ್ಷರ ಬಾರದ ಬಡಗಿಗಳೂ ಅಂಗಡಿಗೆ ಹೋಗಿ ದೆಂಜಿ ಹಂಚು ಕೊಡಿ ಎಂದು ಕೇಳುತ್ತಿದ್ದರು. ಕಾರ್ಖಾನೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಆ ವರ್ಷ ಸೌದೆ ಸರಿಯಾಗಿ ಸಿಗಲಿಲ್ಲ, ಸಿಕ್ಕಿದ್ದೂ ಹಸಿ. ಮಳೆಗೆ ಮುಂಚೆ ಹಂಚು ಬೇಕೆಂದು ನಾಲ್ಕು ಕಡೆಯಿಂದ ಒತ್ತಾಯ. ಬೆಂಕಿ ನಿಲ್ಲಿಸಿ ಆವಿಗೆ ತೆರೆಯಿರಿ ಎಂದು ಅಪ್ಪ ಹೇಳಿದಾಗ ನಾನು ಅಲ್ಲೇ ಇದ್ದೆ.

"ಇನ್ನೂ ಎರಡು ದಿವಸ ಬೇಕು ದಣಿ. ಒಳಗಿನ ಸಾಲು ಬೆಂದಿಲ್ಲ," ಎಂದರು ಮೇಸ್ತ್ರಿ. ಅಪ್ಪ ಹುಟ್ಟುವ ಮೊದಲೇ ಮಣ್ಣು ತುಳಿಯಲು ಶುರುಮಾಡಿದ್ದ ಮುದುಕ ಅವರು.

ಅಪ್ಪ ಆಕಾಶ ನೋಡಿದರು, ಮೇಸ್ತ್ರಿಯ ಮುಖ ನೋಡಲಿಲ್ಲ. ತೆರೆಯಿರಿ ಎಂದು ಇನ್ನೊಮ್ಮೆ ಹೇಳಿ ಆಫೀಸಿಗೆ ಹೋದರು.

ಜೂನ್ ತಿಂಗಳ ಎರಡನೇ ವಾರದಲ್ಲಿ ಮೊದಲ ದೂರು ಬಂತು. ಆಮೇಲೆ ದಿನವೂ ಬಂತು. ಹಂಚು ನೀರು ಕುಡಿದು ಮೆತ್ತಗಾಗಿ, ಕಾಗೆ ಕೂತರೂ ಮುರಿಯುತ್ತಿತ್ತು. ಪಾಚಿಯ ಜಾರು ಒರೆಸಲು ಮನೆಯ ಮಾಡಿನ, ಅಂದರೆ ಸೂರಿನ ಮೇಲೆ ಹತ್ತಿದವನೊಬ್ಬ ಹಂಚಿನ ಸಮೇತ ಒಳಗೆ ಬಿದ್ದು ಕಾಲು ಮುರಿದುಕೊಂಡ. ಬಸ್ಸಿನಲ್ಲಿ ಇಬ್ಬರು ಮಾತಾಡುವುದನ್ನು ನಾನೇ ಕೇಳಿದೆ: ದೆಂಜಿ ಹಂಚು ಹಾಕುವುದಕ್ಕಿಂತ ಹುಲ್ಲು ಹೊದೆಸುವುದು ಒಳ್ಳೆಯದಂತೆ. ಮುಂದಿನ ನಿಲ್ದಾಣದಲ್ಲಿ ಇಳಿದು ಮನೆಯವರೆಗೆ ನಡೆದೆ.

ಮಳೆಗಾಲ ಮುಗಿದರೂ ಯಾರೂ ಹಂಚು ಕೇಳಲಿಲ್ಲ. ಬಂದರಿನಲ್ಲಿ ನಮ್ಮ ಹಂಚು ಮಾರಿಸಿಕೊಡುತ್ತಿದ್ದ ಬ್ಯಾರಿ ವ್ಯಾಪಾರಿಯೊಬ್ಬರಿದ್ದರು, ಅಪ್ಪನ ಹಳೆಯ ಸ್ನೇಹಿತರು. ಅವರೇ ಒಂದು ದಿನ ಮನೆಗೆ ಬಂದು, ಚಾ ಕುಡಿದು ಹೇಳಿದರು. "ಆ ಗುರುತು ಸತ್ತಿತು ಮಾರಾಯ್ರೆ. ಹೊಸತು ಮಾಡಿ. ಹೆಸರು, ಬೋರ್ಡು, ಬಿಲ್ಲು, ಎಲ್ಲ ಹೊಸತು. ಬೇರೆ ದಾರಿ ಎಂತ ಉಂಟು?"

ಹೊಸ ಗುರುತು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನನಗಾಗ ಇಪ್ಪತ್ತು ವರ್ಷ. ಕಾನ್ವೆಂಟಿನಲ್ಲಿ ಚಿತ್ರ ಕಲಿತಿದ್ದೆ. ತಾವರೆ ಬರೆದೆ, ಶಂಖ ಬರೆದೆ. ಕೊನೆಗೆ ಒಂದು ಎಣ್ಣೆದೀಪ ಅಪ್ಪನಿಗೆ ಹಿಡಿಸಿತು. ದೀಪಕ್ಕೆ ಚೆಂದದ ಜ್ವಾಲೆ ಬರೆದು, ಸುತ್ತ ಸಣ್ಣ ಸಣ್ಣ ಕಿರಣಗಳನ್ನೆಳೆದಿದ್ದೆ. ಅಚ್ಚು ಕೆತ್ತುವ ಆಚಾರಿ ಅದನ್ನು ನೋಡಿ, ಇಷ್ಟು ತೆಳ್ಳಗಿನ ಗೆರೆಯೊಳಗೆ ಮಣ್ಣು ಸಿಕ್ಕಿಕೊಳ್ಳುತ್ತದೆ, ನಾಲ್ಕು ದಪ್ಪ ಗೆರೆಯಲ್ಲಿ ದೀಪ ಅಂತ ಗೊತ್ತಾಗಬೇಕು ಎಂದರು. ಹದಿನೈದು ದಿನ ಗೆರೆ ಅಳಿಸುವುದೇ ನನ್ನ ಕೆಲಸವಾಯಿತು. ಆ ದಿನಗಳಲ್ಲಿ ನಾನು ಖುಷಿಯಾಗಿದ್ದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಮನೆಯಲ್ಲಿ ಅಮ್ಮ ಒಂದು ಹೊತ್ತಿನ ಗಂಜಿ ಬಿಟ್ಟಿದ್ದಳು. ನಾನು ಕಾಗದದ ಮೇಲೆ ದೀಪ ಹಚ್ಚುತ್ತಾ ಕೂತಿದ್ದೆ.

ಕಾರ್ಖಾನೆಯ ಬೋರ್ಡಿನಲ್ಲಿ, ಬಿಲ್ಲಿನ ತಲೆಯಲ್ಲಿ, ಎಲ್ಲ ಕಡೆ ದೀಪ ಬಂತು. ಏಡಿಯ ಕಾರ್ಖಾನೆ ಯಾವುದೆಂದು ಯಾರಾದರೂ ಕೇಳಿದರೆ ಅದು ಮುಚ್ಚಿತು, ನಾವು ಬೇರೆಯವರು ಎನ್ನಬೇಕೆಂದು ಅಪ್ಪ ಎಲ್ಲರಿಗೂ ಹೇಳಿದರು. ಮೇಸ್ತ್ರಿ ಮಾತ್ರ ಕೇಳಿಸದವರ ಹಾಗೆ ಹೊಳೆಯ ಕಡೆ ತಿರುಗಿ ನಿಂತರು.

ಆ ಸಲ ಹಂಚು ಚೆನ್ನಾಗಿ ಬೆಂದಿತ್ತು. ಬೆರಳಿನ ಗಂಟಿನಿಂದ ಬಡಿದರೆ ಕಂಚಿನ ಹಾಗೆ ಸದ್ದು. ಮಾಡು ಕಟ್ಟುವ ಬಡಗಿಗಳಲ್ಲಿ ಹೆಸರಾದ ಒಬ್ಬರನ್ನು ಕರೆಸಿ ಅಪ್ಪ ತೋರಿಸಿದರು. ಅವರು ಬಡಿದು ನೋಡಿ ತಲೆದೂಗಿದರು. ಆಮೇಲೆ ಹಂಚಿನ ಅಂಚಿನಲ್ಲಿ ಬೆರಳಾಡಿಸಿದರು. ನಾವು ಬದಲಿಸಿದ್ದು ಗುರುತಿನ ಬಿಲ್ಲೆಯನ್ನು ಮಾತ್ರ, ಉಳಿದ ಅಚ್ಚು ಹಳೆಯದೇ. ಅದರ ಅಂಚಿನಲ್ಲಿದ್ದ ಒಂದು ಸಣ್ಣ ಮುಕ್ಕು ಪ್ರತಿ ಹಂಚಿನಲ್ಲೂ ಬೀಳುತ್ತಿತ್ತು.

"ಇದು ದೆಂಜಿಯೇ ಅಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಂಚು ಕೆಳಗಿಟ್ಟು ಹೋದರು.

ಒಂದೇ ವಾರದಲ್ಲಿ ಊರಿಗೆಲ್ಲ ಗೊತ್ತಾಯಿತು. ಮೊದಲು ನಮ್ಮ ಹಂಚು ಕೆಟ್ಟದ್ದು ಎನ್ನುತ್ತಿದ್ದವರು ಈಗ ನಾವೇ ಕಳ್ಳರು ಎಂದರು. ದೀಪದ ಹಂಚು ಅಂಗಳದಲ್ಲಿ ರಾಶಿ ಬಿದ್ದಿತು. ಎರಡು ಆವಿಗೆಗಳೂ ತಣ್ಣಗಾದವು. ಹಂಚು ಹೊರುವ ಹೆಂಗಸರು ಕೆಲಸವಿಲ್ಲದಿದ್ದರೂ ಬೆಳಿಗ್ಗೆ ಬಂದು ಚಪ್ಪರದಡಿ ಕೂತು, ಮಧ್ಯಾಹ್ನ ಎದ್ದು ಹೋಗುತ್ತಿದ್ದರು. ಅವರೇನೂ ಕೇಳುತ್ತಿರಲಿಲ್ಲ. ಅವರ ಎದುರು ಹಾದುಹೋಗಲಾರದೆ ಅಪ್ಪ ಹಿಂಬಾಗಿಲಿನಿಂದ ಓಡಾಡತೊಡಗಿದರು. ಒಮ್ಮೆ ಅವರು ಹೊಳೆಯ ಕಟ್ಟೆಯ ಮೇಲೆ ತುಂಬ ಹೊತ್ತು ನಿಂತದ್ದನ್ನು ಕಂಡು ಅಮ್ಮ, ಹೋಗಿ ಅಪ್ಪನ ಹತ್ತಿರ ನಿಲ್ಲು ಎಂದು ನನ್ನನ್ನು ಕಳಿಸಿದಳು. ಯಾಕೆಂದು ಹೇಳಲಿಲ್ಲ. ನಾನು ಹೋಗಿ ನಿಂತೆ.

ಮರು ವರ್ಷದ ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಉರ್ವದಿಂದ ಒಬ್ಬ ಹೆಂಗಸು ಬಂದರು. ಬಟ್ಟೆ ಹೊಲಿದು ಬದುಕುವ ವಿಧವೆ. ಸೀರೆ ಮೊಣಕಾಲಿನವರೆಗೆ ನೆನೆದಿತ್ತು. ಚೀಲದಿಂದ ಅರ್ಧ ಹಂಚೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಏಡಿಯ ಒಂದು ಕೊಂಡಿ ಉಳಿದಿತ್ತು. ಹೋದ ಮಳೆಗಾಲವಿಡೀ ಹೊಲಿಗೆ ಮಿಷನ್ನಿನ ಮೇಲೆ ಕೊಡೆ ಬಿಡಿಸಿಟ್ಟು ಹೊಲಿದೆ, ಈ ಸಲ ಕೊಡೆಯೂ ಸಾಲುವುದಿಲ್ಲ ಎಂದರು. ಆಫೀಸಿನಲ್ಲಿ ನಾನೊಬ್ಬಳೇ ಇದ್ದೆ. ಹೇಳಿಕೊಟ್ಟದ್ದನ್ನೇ ಹೇಳಿದೆ. ಆ ಕಾರ್ಖಾನೆ ಈಗ ಇಲ್ಲ, ಇದು ಬೇರೆ.

ಅವರು ಗೋಡೆಯ ಮೇಲಿದ್ದ ನನ್ನ ದೀಪದ ಚಿತ್ರ ನೋಡಿದರು. ಸಿಟ್ಟು ಮಾಡಲಿಲ್ಲ.

"ಹಂಚಿನಲ್ಲಿ ಗುರುತು ಉಂಟಲ್ಲ ಅಂತ ಕೇಳಿಕೊಂಡು ಬಂದದ್ದು. ಇನ್ನು ನಾನು ಯಾರನ್ನು ಕೇಳುವುದು?"

ನಾನು ತಿರುಗಿ ನೋಡಿದೆ. ಒಳಕೋಣೆಯ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಇಲ್ಲ ಎನ್ನುತ್ತಾರೆಂದೇ ನಾನು ತಿಳಿದೆ.

"ನಮ್ಮದೇ ಅಮ್ಮಾ," ಎಂದರು. "ಆವಿಗೆ ಬೇಗ ತೆರೆಸಿದ್ದು ನಾನೇ."

ಅಂದು ಮಧ್ಯಾಹ್ನವೇ ಅಪ್ಪ, ಮೇಸ್ತ್ರಿ, ಇನ್ನಿಬ್ಬರು ಎತ್ತಿನ ಗಾಡಿಯಲ್ಲಿ ದೀಪದ ಹಂಚು ಹೇರಿಕೊಂಡು ಉರ್ವಕ್ಕೆ ಹೋದರು. ಮಳೆ ಬಿಟ್ಟಾಗ ಸ್ವಲ್ಪ ಸ್ವಲ್ಪವಾಗಿ ಮಾಡು ಬದಲಿಸಿದರು. ಅಕ್ಕಪಕ್ಕದವರು ಬೇಲಿಯಾಚೆ ನಿಂತು ನೋಡಿದರು. ಒಬ್ಬರು, ನೀವು ಬೇರೆಯವರಲ್ಲವೇ ಎಂದು ಕುಟುಕಿದರಂತೆ. ದೆಂಜಿ, ದೀಪ, ಎರಡೂ ನಾನೇ ಮಾಡಿದ್ದು ಎಂದು ಅಪ್ಪ ಮಾಡಿನ ಮೇಲಿನಿಂದಲೇ ಹೇಳಿದರಂತೆ. ಇದನ್ನು ನನಗೆ ಹೇಳಿದವರು ಮೇಸ್ತ್ರಿ.

ಆ ಮಳೆಗಾಲವಿಡೀ ಅದೇ ಕೆಲಸ. ಕೇಳಿಕೊಂಡು ಬಂದವರ ಮನೆಗೆ ಹೋದರು, ಬಾರದವರ ಮನೆಗಳನ್ನು ಹುಡುಕಿಕೊಂಡೂ ಹೋದರು. ಕಾಲು ಮುರಿದುಕೊಂಡವನ ಮನೆಯಲ್ಲಿ ಅವನ ಹೆಂಡತಿ ಒಳಗೆ ಬಿಡಲಿಲ್ಲ. ಮೂರನೇ ಸಲ ಹೋದಾಗ ಬಿಟ್ಟಳು. ಅಂಗಳದ ರಾಶಿ ಕರಗಿತು. ಅಪ್ಪನಿಗೆ ಕೆಮ್ಮು ಹಿಡಿಯಿತು, ಕೊನೆಯವರೆಗೂ ಬಿಡಲಿಲ್ಲ.

ನವೆಂಬರಿನಲ್ಲಿ ದೀಪದ ಬಿಲ್ಲೆ ತೆಗೆಸಿ ಮತ್ತೆ ಏಡಿಯದನ್ನು ಕೂರಿಸಿದರು. ನನಗೆ ಬೇಸರವಾಗುತ್ತದೆಂದುಕೊಂಡು, "ನಿನ್ನದು ಚೆಂದ ಇತ್ತು ಮಗಾ," ಎಂದರು. ಬೇಸರವಾಗಿತ್ತು, ಇಲ್ಲವೆಂದೆ. ಬೆಂಕಿ ಹಾಕಿದ್ದು ಒಂದೇ ಆವಿಗೆಗೆ. ಅದನ್ನು ಯಾವಾಗ ತೆರೆಯಬೇಕೆಂದು ಅಪ್ಪ ಹೇಳಲಿಲ್ಲ, ಮೇಸ್ತ್ರಿಗೆ ಬಿಟ್ಟರು.

ಡಿಸೆಂಬರಿನಲ್ಲಿ, ಅಂಚಿನ ಮುಕ್ಕು ಕಂಡುಹಿಡಿದಿದ್ದ ಆ ಬಡಗಿ ತಾವಾಗಿಯೇ ಬಂದು, ಕೂರದೆ, ಒಂದು ಸಣ್ಣ ಮನೆಗೆ ಬೇಕಾದಷ್ಟು ಹಂಚು ಹೇಳಿ ಹೋದರು. ಅಪ್ಪ ಮನೆಗೆ ಬಂದು, ಅಂಗಿಯನ್ನೂ ಬಿಚ್ಚದೆ ಚಾಪೆಯ ಮೇಲೆ ಮಲಗಿ ಸಂಜೆಯವರೆಗೆ ನಿದ್ದೆ ಮಾಡಿದರು.

ಎರಡನೇ ಆವಿಗೆ ಮತ್ತೆ ಉರಿಯಲಿಲ್ಲ. ಕೆಲಸದವರಲ್ಲಿ ಅರ್ಧ ಜನರನ್ನು ಮಾತ್ರ ವಾಪಸು ಕರೆಯಲು ಸಾಧ್ಯವಾಯಿತು. ಉಳಿದವರಲ್ಲಿ ಕೆಲವರು ಗೋಡಂಬಿ ಕಾರ್ಖಾನೆಗೆ ಹೋದರು, ಕೆಲವರು ಬೀಡಿ ಕಟ್ಟಿದರು, ಕೆಲವರು ಏನಾದರೆಂದು ನನಗೆ ತಿಳಿಯದು. ಯಾರನ್ನು ಕರೆಯುವುದು, ಯಾರನ್ನು ಬಿಡುವುದು ಎಂದು ಅಪ್ಪ ನನ್ನಿಂದಲೇ ಪಟ್ಟಿ ಬರೆಸಿದರು. ಒಂದೊಂದು ಹೆಸರಿಗೂ ಅವರು ತುಂಬ ಹೊತ್ತು ತೆಗೆದುಕೊಂಡರು.