ದೊಡ್ಡಮ್ಮ ರಸ್ತೆ ದಾಟಲಿಲ್ಲ

ಹೋಟೆಲಿನಲ್ಲಿ ಸೂಪು ತಣ್ಣಗೆ ಬಂದರೆ ಅದನ್ನು ಊದಿ ಊದಿ ಕುಡಿಯುವವನು ನಾನು; ತಂದವನಿಗೆ ಬೇಜಾರಾಗಬಾರದಲ್ಲ. ಊಟ ಹೇಗಿತ್ತೆಂದು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಒಂದು ಹೇಳಿ, ಕಲ್ಲು ಕಡಿದ ಹಲ್ಲನ್ನು ನಾಲಿಗೆಯಿಂದ ಸವರಿಕೊಳ್ಳುತ್ತ ಹೊರಗೆ ಬರುತ್ತೇನೆ. ಕೊರಿಯರ್ ಕಚೇರಿಯಲ್ಲಿ ಒಡೆದ ಪಾರ್ಸಲ್‌ಗಳ ಬಗ್ಗೆ ಜನರ ಬೈಗುಳ ಕೇಳುವುದೇ ನನ್ನ ಸಂಬಳದ ಕೆಲಸ. ಅದಕ್ಕೇ ಇನ್ನೊಬ್ಬರನ್ನು ಬೈಯುವ ತ್ರಾಣ ಉಳಿದಿಲ್ಲ ಎಂದು ನಾನು ಹೇಳಿಕೊಳ್ಳುತ್ತೇನೆ. ಅಮ್ಮ ಅದಕ್ಕೆ ಪುಕ್ಕಲುತನ ಎನ್ನುತ್ತಾಳೆ.

ಇಂಥ ನನ್ನನ್ನು ದೊಡ್ಡಮ್ಮ ವಾರಕ್ಕೊಮ್ಮೆ ಹೊರಗಿನ ಊಟಕ್ಕೆ ಜೊತೆ ಮಾಡಿಕೊಂಡು ಹೋಗುತ್ತಿದ್ದಳು. ನನ್ನ ಅರ್ಹತೆಗಳು ಇಷ್ಟೇ: ಸ್ಕೂಟರ್ ಇದೆ, ಮದುವೆ ಆಗಿಲ್ಲ.

ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದವಳು. ಕೆಲಸದಲ್ಲಿದ್ದಷ್ಟು ಕಾಲ ಅವಳಿಗೆ ಊಟವೆಂದರೆ ಔಷಧಿ ಬೀರುವಿನ ಪಕ್ಕ ನಿಂತು, ಒಂದು ಕಿವಿಯನ್ನು ವಾರ್ಡಿನ ಕಡೆಗಿಟ್ಟು, ಆರಿ ತಣ್ಣಗಾದದ್ದನ್ನು ಗಂಟಲಿಗೆ ಇಳಿಸುವುದು. ಹಾಗಾಗಿ ನಿವೃತ್ತಿಯ ಮಾರನೆಯ ದಿನವೇ ಸಾರಿಬಿಟ್ಟಳು: ಇನ್ನು ಮೇಲೆ ವಾರಕ್ಕೊಂದು ಹೊತ್ತಾದರೂ ಕುರ್ಚಿಗೆ ಬೆನ್ನು ಆನಿಸಿ ಕೂತು, ಇನ್ನೊಬ್ಬರು ಬಡಿಸಿದ್ದನ್ನು ಬಿಸಿಬಿಸಿ ತಿನ್ನುತ್ತಾಳಂತೆ.

ತಿಂದು ಸುಮ್ಮನಾಗುವ ಹೆಂಗಸಲ್ಲ ಅವಳು. ಕೂತ ತಕ್ಷಣ ಮೇಜಿನ ಅಡಿಯ ಅಂಚಿಗೆ ಬೆರಳು ಹಾಯಿಸುತ್ತಾಳೆ. ಚಮಚವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ಆಮೇಲೆ ತನ್ನ ತಟ್ಟೆಯನ್ನು ಬಿಟ್ಟು ಪಕ್ಕದ ಮೇಜಿನವರನ್ನು ನೋಡುತ್ತಾಳೆ. ಒಂಟಿಯಾಗಿ ಬಂದವನ ಲೋಟಕ್ಕೆ ಕೇಳದೆಯೇ ಎರಡನೇ ಸಲ ನೀರು ಹಾಕದ ಹೋಟೆಲು ಅಮೃತವನ್ನೇ ಕೊಟ್ಟರೂ ಅವಳಿಗೆ ಸೇರುವುದಿಲ್ಲ.

ಆದರೆ ಒಳಗೆ ಮಾತ್ರ ತುಟಿಪಿಟಕ್ ಎನ್ನುವುದಿಲ್ಲ. ಕೈ ತೊಳೆದು, ಹೊರಗೆ ಬಂದು, ರಸ್ತೆ ದಾಟಿ, ಎದುರಿನ ಫುಟ್‌ಪಾತಿನಲ್ಲಿ ತಿರುಗಿ ನಿಂತು, ಹೋಟೆಲಿನ ಬೋರ್ಡನ್ನು ಒಮ್ಮೆ ನೋಡಿ ಆಮೇಲೆ ತೀರ್ಪು. ಒಳಗೇ ಹೇಳಿದರೆ ಬಡಿಸಿದವರ ಮುಖ ನೋಡಿ ನಾಲಿಗೆ ಮೆತ್ತಗಾಗುತ್ತದೆ ಎಂಬುದು ಅವಳ ವಾದ. ಒಂದು ಹೋಟೆಲಿಗೆ, “ಮೀನು ಸತ್ತಿದ್ದು ನಿಜ, ಯಾವಾಗ ಅಂತ ಮಾತ್ರ ಅವರಿಗೂ ನೆನಪಿಲ್ಲ” ಎಂದಳು. ಇನ್ನೊಂದಕ್ಕೆ, ಪರದೆ ಚೆನ್ನಾಗಿತ್ತು ಎಂದಷ್ಟೇ ಹೇಳಿ ಸ್ಕೂಟರ್ ಹತ್ತಿದಳು. ಈ ತೀರ್ಪುಗಳು ಸಂಜೆಯೊಳಗೆ ನೆಂಟರಿಷ್ಟರಿಗೆಲ್ಲ ತಲುಪುತ್ತಿದ್ದವು. ಪರದೆಯ ಹೋಟೆಲಿಗೆ ನಮ್ಮ ಕಡೆಯವರು ಆಮೇಲೆ ಯಾರೂ ಕಾಲಿಟ್ಟಿಲ್ಲ.

ಹೀಗಿರುವಾಗ ಅವಳ ತಮ್ಮನೇ, ಅಂದರೆ ನನ್ನ ಸೋದರಮಾವ, ಹೋಟೆಲು ತೆರೆದ. ಅಲ್ಲಿಯವರೆಗೆ ಶಾಲೆಯ ಬಸ್ಸು ಓಡಿಸುತ್ತಿದ್ದ. ಮನೆಯಲ್ಲಿ ನಾಲ್ಕು ಜನ ಸೇರಿದರೆ ಸೌಟು ಹಿಡಿದು ಒಲೆಯ ಮುಂದೆ ನಿಲ್ಲುತ್ತಿದ್ದವನೂ ಅವನೇ. ಆರು ಮೇಜು, ಒಬ್ಬ ಸಪ್ಲೈಯರ್, ಪಾತ್ರೆ ತೊಳೆಯಲು ಒಬ್ಬಾಕೆ, ಅಡುಗೆಗೆ ತಾನೇ. ಗಿರಾಕಿಗಳು ಬರುತ್ತಿದ್ದರು, ಬಟ್ಟಲು ಕೆರೆದು ತಿನ್ನುತ್ತಿದ್ದರು. ಮಾವನಿಗೆ ಮಾತ್ರ ನಿದ್ದೆಯಿಲ್ಲ. ದೊಡ್ಡಮ್ಮ ಒಮ್ಮೆಯೂ ಬಂದಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಒಡಹುಟ್ಟಿದವನ ಅಡುಗೆಗೆ ತನ್ನ ನಾಲಿಗೆ ಸುಳ್ಳು ಹೇಳಿಬಿಟ್ಟೀತು ಎಂದು ಅವಳಿಗೆ ಭಯ. ಮಾವನಿಗೋ, ಅವಳು ನಿಜ ಹೇಳಿಬಿಟ್ಟಾಳೆಂಬ ಭಯ. ಅಮ್ಮನ ಮುಂದೆ ಅವನು ಹೇಳಿಯೇಬಿಟ್ಟಿದ್ದ: “ಊರೆಲ್ಲ ಹೊಗಳಿದ್ರೂ ಅಷ್ಟೇ ಕಣೇ. ಅಕ್ಕ ಚೆನ್ನಾಗಿಲ್ಲ ಅಂದ್ರೆ ಮಾರನೇ ದಿನವೇ ಬಾಗಿಲು ಹಾಕಿ ಬಸ್ಸಿಗೆ ಹೋಗ್ತೀನಿ.”

ಅವನು ಹಟಮಾರಿ, ಹೋಗಿಯೂ ಬಿಡುತ್ತಿದ್ದ.

ಒಂದು ಶನಿವಾರ ಮಧ್ಯಾಹ್ನ ದೊಡ್ಡಮ್ಮ ಸ್ಕೂಟರ್ ಹತ್ತಿ ಕೂತು, ಮಾವನ ಹೋಟೆಲಿಗೆ ನಡೆ ಎಂದಳು. ಯಾರಿಗೂ ಹೇಳಕೂಡದೆಂದು ಕಟ್ಟಪ್ಪಣೆ. ನಾನು ಹೇಳಲಿಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅಮ್ಮ ಸುಮ್ಮನಿರುತ್ತಾಳೆಯೇ? ನಾವು ತಲುಪುವ ಹೊತ್ತಿಗೆ ಸಪ್ಲೈಯರ್ ಹೊಸ ಅಂಗಿ ತೊಟ್ಟು, ಒಂಟಿಯಾಗಿ ಕೂತಿದ್ದ ಒಬ್ಬ ಮುದುಕನ ಲೋಟಕ್ಕೆ ನೀರು ಹಾಕುತ್ತಲೇ ಇದ್ದ; ಅದು ತುಂಬಿ ಮೇಜಿನ ಮೇಲೆ ಹರಿಯುತ್ತಿತ್ತು.

ಮಾವ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ದೊಡ್ಡಮ್ಮ ಅನ್ನ, ಕೋಳಿ, ಹುರಿದ ಆಲೂಗಡ್ಡೆ ತರಿಸಿಕೊಂಡಳು. ನಿಧಾನವಾಗಿ, ಕುರ್ಚಿಗೆ ಒರಗಿಕೊಂಡು ತಿಂದಳು. ಅವಳ ಮುಖದಿಂದ ಏನಾದರೂ ತಿಳಿದೀತೇ ಎಂದು ನಾನು ನೋಡಿದೆ. ಮುಚ್ಚಿದ ಕಿಟಕಿಯನ್ನು ನೋಡಿದಂತಾಯಿತು.

ಅವಳು ತಿಂದು ಮುಗಿಸುವ ಹೊತ್ತಿಗೆ ನನ್ನ ಫೋನು ಗುಂಯ್‌ಗುಟ್ಟಿತು. ಎತ್ತಿದರೆ ಮಾವ, ಪಿಸುದನಿಯಲ್ಲಿ: “ಕೈ ತೊಳೆದಳೇನೋ?”

ಎಲ್ಲಿದ್ದೀಯೆಂದು ಕೇಳಿದೆ. ಎದುರಿಗೆ ನೋಡು ಎಂದ. ರಸ್ತೆಯ ಆಚೆ, ನಿಲ್ಲಿಸಿದ್ದ ವ್ಯಾನಿನ ಹಿಂದಿನಿಂದ ಒಂದು ಏಪ್ರನ್ನಿನ ತುದಿ, ಒಂದು ಸೌಟು, ಅರ್ಧ ಹೊಟ್ಟೆ ಕಾಣಿಸಿತು. ತೀರ್ಪನ್ನು ತನ್ನ ಕಿವಿಯಾರೆ ಕೇಳಬೇಕೆಂದು, ಅಡುಗೆಯೆಲ್ಲ ಆಗಿದೆ, ಬಡಿಸುವುದಷ್ಟೇ ಬಾಕಿ ಎಂದು ಸಪ್ಲೈಯರಿಗೆ ಹೇಳಿ, ಹಿಂಬಾಗಿಲಿನಿಂದ ಹೋಗಿ ಅಲ್ಲಿ ಅಡಗಿ ನಿಂತಿದ್ದ.

ಅಷ್ಟರಲ್ಲಿ ಬಾಗಿಲು ತೆರೆದು ಯಾವುದೋ ಕಚೇರಿಯ ಒಂದು ದೊಡ್ಡ ಗುಂಪು ಒಳಗೆ ನುಗ್ಗಿತು. ಯಾರಿಗೋ ಬಡ್ತಿಯಂತೆ, ಎಲ್ಲರಿಗೂ ಹಸಿವಂತೆ. ಖಾಲಿಯಿದ್ದ ಮೇಜುಗಳೆಲ್ಲ ತುಂಬಿದವು. ಸಪ್ಲೈಯರ್ ಅಡುಗೆಮನೆಗೆ ಓಡಿ, ಅಲ್ಲಿ ಮಾವ ಇಲ್ಲದ್ದು ನೆನಪಾಗಿ ಹೊರಗೆ ಓಡಿಬಂದು, ಬ್ರೆಡ್ಡು ಕೇಳಿದವರಿಗೆ ಸೂಪು ಇಟ್ಟು, ಸೂಪು ಕೇಳಿದವರ ಮುಂದೆ ಕೈ ಹಿಸುಕುತ್ತ ನಿಂತ. ಒಳಗಿನಿಂದ ಏನೋ ತಳ ಹಿಡಿಯುವ ವಾಸನೆ ಬಂತು.

ದೊಡ್ಡಮ್ಮನ ಮೂಗು ಅರಳಿತು. ಕೈ ತೊಳೆಯಲು ಎದ್ದವಳು ತೊಳೆದು ನೇರ ಅಡುಗೆಮನೆಗೆ ಹೋದಳು. ಒಲೆ ಆರಿಸಿದ ಸದ್ದು ಕೇಳಿಸಿತು. ಮರುಕ್ಷಣ ಒಂದು ಕೈಯಲ್ಲಿ ನೀರಿನ ಜಗ್ಗು, ಇನ್ನೊಂದರಲ್ಲಿ ಟ್ರೇ ಹಿಡಿದು ಬಾಗಿಲಲ್ಲಿ ನಿಂತಳು.

“ಯಾರೂ ಎದ್ದೇಳಬೇಡಿ. ಎಲ್ಲರ ಹತ್ರಾನೂ ಬರ್ತೀನಿ.”

ಆ ದನಿಗೆ ಇಡೀ ವಾರ್ಡು, ಅಲ್ಲ, ಇಡೀ ಹೋಟೆಲು ಸುಮ್ಮನಾಯಿತು. ಆಮೇಲೆ ನಡೆದದ್ದು ಊಟವೋ ರೌಂಡ್ಸೋ ನನಗೆ ಗೊತ್ತಾಗಲಿಲ್ಲ. ಮೇಜಿನಿಂದ ಮೇಜಿಗೆ ಹೋದಳು, ಬಿಸಿಬಿಸಿ ತಂದಿಟ್ಟಳು, ಯಾರಿಗೆ ಏನು ಎಂಬುದು ಒಂದೂ ತಪ್ಪಲಿಲ್ಲ. ಬಡ್ತಿ ಪಡೆದ ದಪ್ಪನೆಯ ಮನುಷ್ಯ ಕೆಮ್ಮುತ್ತ ಐಸು ಕೇಳಿದ. ಅವನ ಮುಂದೆ ಬಿಸಿನೀರು ಬಂತು. ತಟ್ಟೆಯ ಮೂಲೆಗೆ ತರಕಾರಿ ಸರಿಸಿಟ್ಟ ಹುಡುಗಿಯ ಪಕ್ಕ ದೊಡ್ಡಮ್ಮ ಅದು ಮುಗಿಯುವವರೆಗೆ ನಿಂತಿದ್ದಳು. ನನ್ನ ಪಾಲಿಗೆ ಬ್ರೆಡ್ಡು ಕತ್ತರಿಸುವ ಕೆಲಸ ಬಂತು. ನಾನು ಕತ್ತರಿಸಿದ್ದನ್ನು ನೋಡಿ, “ಇದು ಬ್ರೆಡ್ಡೋ ಇಟ್ಟಿಗೆಯೋ” ಎಂದು ಚಾಕುವನ್ನು ಸಪ್ಲೈಯರಿಗೆ ಕೊಟ್ಟು ನನ್ನನ್ನು ಪಾತ್ರೆ ತೊಳೆಯುವಾಕೆಯ ಪಕ್ಕಕ್ಕೆ ಕಳಿಸಿದಳು. ಆಕೆಯೂ ನನ್ನ ಕೆಲಸ ಮೆಚ್ಚಲಿಲ್ಲ.

ಮಾವನ ಫೋನು ಮತ್ತೆ ಮತ್ತೆ ಬರುತ್ತಲೇ ಇತ್ತು. ಸೋಪಿನ ಕೈಯಲ್ಲೇ ಎತ್ತಿದೆ.

“ಯಾಕೋ ಅಕ್ಕ ಇನ್ನೂ ಬರ್ಲಿಲ್ಲ? ಅಷ್ಟು ಕೆಟ್ಟದಾಗಿತ್ತಾ?”

“ಮಾವ, ನೀನು ಒಳಗೆ ಬಾ ಮೊದಲು.”

“ಬರಲ್ಲ. ಅವಳು ಇಲ್ಲಿಗೆ ಬಂದು ಹೇಳೋದನ್ನ ಕೇಳೇ ಬರೋದು. ಇಲ್ಲಾಂದ್ರೆ ಬಸ್ಸಿನ ಮಾಲೀಕರಿಗೆ ಇಲ್ಲಿಂದಲೇ ಫೋನ್ ಮಾಡ್ತೀನಿ ನೋಡು.”

ಅಷ್ಟರಲ್ಲಿ ವ್ಯಾನಿನವನು ಬಂದು ವ್ಯಾನು ತೆಗೆದುಕೊಂಡು ಹೋದನಂತೆ. ಬಯಲಿನಲ್ಲಿ ಸೌಟು ಹಿಡಿದು ನಿಂತ ಮನುಷ್ಯನನ್ನು ದೊಡ್ಡಮ್ಮ ಕಿಟಕಿಯಿಂದ ನೋಡಿದಳು. ಟ್ರೇ ಕೆಳಗಿಟ್ಟು ಬಾಗಿಲಿಗೆ ಬಂದು, ಒಂದೇ ಬೆರಳಿನಿಂದ ಕರೆದಳು.

ಮಾವ ಶಾಲೆಗೆ ತಡವಾಗಿ ಬಂದ ಮಗುವಿನಂತೆ ರಸ್ತೆ ದಾಟಿಕೊಂಡು ಬಂದ.

“ಅಲ್ಲೇನು ಮಾಡ್ತಿದ್ದೆ?”

“ನೀನು ಏನು ಹೇಳ್ತೀಯೋ ಅಂತ...” ಎಂದು ಅವನು ಸೌಟನ್ನು ನೋಡಿದ. “ಹೇಳಿಬಿಡು ಅಕ್ಕ. ಇಲ್ಲೇ ಹೇಳು.”

ಹೋಟೆಲಿನವರೆಲ್ಲ ತಿನ್ನುವುದನ್ನು ನಿಲ್ಲಿಸಿ ನೋಡುತ್ತಿದ್ದರು, ಅಡುಗೆಮನೆಯ ಬಾಗಿಲಿನಿಂದ ನಾನೂ. ದೊಡ್ಡಮ್ಮನ ಹಣೆಯಲ್ಲಿ ಬೆವರು, ಸೆರಗಿನಲ್ಲಿ ಸೂಪಿನ ಕಲೆ. ರಸ್ತೆ ದಾಟುವ ಮಾತಿರಲಿ, ಅವಳಿಗೆ ತಮ್ಮನ ಮುಖ ಬಿಟ್ಟು ಬೇರೆಡೆ ನೋಡಲೂ ಜಾಗವಿರಲಿಲ್ಲ.

“ಕೋಳಿ ಚೆನ್ನಾಗಿದೆ ಕಣೋ. ತುಂಬಾ ಚೆನ್ನಾಗಿದೆ. ನೀನೇ ಸರಿಯಿಲ್ಲ, ಒಲೆ ಉರೀತಿರುವಾಗ ಬಿಟ್ಟು ಹೋಗೋನು.”

ಮಾವನಿಗೆ ಮೊದಲರ್ಧ ಕೇಳಿಸಿತು. ಉಳಿದದ್ದು ಕೇಳಿಸಲು ಅವನು ಅಲ್ಲಿರಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಗಳ ನಡುವೆ ನನ್ನನ್ನು ಅಪ್ಪಿಕೊಂಡು, ನನ್ನ ಸೋಪಿನ ಕೈಯನ್ನೇ ಹಿಡಿದು ಕುಲುಕುತ್ತಿದ್ದ. ಹೊರಗೆ ಕಚೇರಿಯ ಗುಂಪು ಇನ್ನೊಂದು ಸುತ್ತು ಕೋಳಿ ಕೇಳಿತು. ಊಟವೇನೋ ಸರಿ, ಬಡಿಸುವವರು ಮಾತ್ರ ಬಹಳ ಜೋರು ಎಂದು ದಪ್ಪನೆಯ ಮನುಷ್ಯ ಸಪ್ಲೈಯರಿಗೆ ದೂರು ಹೇಳಿ, ಮುಂದಿನ ಶನಿವಾರಕ್ಕೂ ಮೇಜು ಬೇಕೆಂದ. ಅದನ್ನು ಕೇಳಿಸಿಕೊಂಡ ದೊಡ್ಡಮ್ಮ ದಿನವಿಡೀ ಉರಿದಳು. ತನ್ನ ಕೆಲಸಕ್ಕೆ ಯಾರೋ ತೀರ್ಪು ಕೊಟ್ಟದ್ದು ಅವಳಿಗೆ ಹೊಸದು. ಹೇಗೆ ಬಡಿಸುವುದೆಂದು ಆ ಮನುಷ್ಯನಿಗೆ ತೋರಿಸಲೆಂದೇ ಮುಂದಿನ ಶನಿವಾರ ಮತ್ತೆ ಹೋದಳು. ಆಮೇಲಿನ ಶನಿವಾರಗಳಿಗೆ ನೆಪವೂ ಬೇಕಾಗಲಿಲ್ಲ.

ಈಗ ಹೊಸ ಗಿರಾಕಿ ಬಂದರೆ ಮಾವ ಒಲೆಯ ಹತ್ತಿರದಿಂದಲೇ, ಕೋಳಿ ಚೆನ್ನಾಗಿದೆ ಅಂತ ನಮ್ಮಕ್ಕನೇ ಹೇಳಿದ್ದಾಳೆ ಎಂದು ಕೂಗುತ್ತಾನೆ. ದೊಡ್ಡಮ್ಮ ನೀರು ಹಾಕುತ್ತಲೇ ಉಳಿದರ್ಧವನ್ನು ಗಿರಾಕಿಗೆ ತಿಳಿಸುತ್ತಾಳೆ.