ಕಂತು ಉಣ್ಣುವ ಅಡುಗೆಮನೆ

ನಮ್ಮ ಮನೆಯಲ್ಲಿ ಎರಡು ಅಡುಗೆಮನೆಗಳಿವೆ. ಒಂದರಲ್ಲಿ ಅಡುಗೆ ಮಾಡುತ್ತೇವೆ, ಇನ್ನೊಂದಕ್ಕೆ ಕಂತು ಕಟ್ಟುತ್ತೇವೆ. ಗಂಗಾವತಿಯ ಹೊಸ ಬಡಾವಣೆಗಳಲ್ಲಿ ಇದೇನು ವಿಶೇಷವಲ್ಲ ಎನ್ನಬೇಡಿ. ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಮಾಸ್ತರ. ಮನುಷ್ಯನ ಬಯಕೆಗಳನ್ನು ಅಗತ್ಯ, ಸೌಕರ್ಯ, ವಿಲಾಸ ಎಂದು ಮೂರು ಪಾಲು ಮಾಡಿ ಇಪ್ಪತ್ತು ವರ್ಷಗಳಿಂದ ಮಕ್ಕಳ ಕಿವಿಗೆ ತುಂಬುತ್ತ ಬಂದವನು. ಹಾಗಾಗಿ ಈ ತಪ್ಪೊಪ್ಪಿಗೆ ನನ್ನ ಬಾಯಿಂದಲೇ ಬರುವುದು ನ್ಯಾಯ.

ಮನೆ ಕಟ್ಟಿಸಲು ಮಾಡಿದ ಸಾಲ ಅಗತ್ಯದ ಪಾಲಿನದು, ಅದರಲ್ಲಿ ತಕರಾರಿಲ್ಲ. ನನ್ನ ಸಂಬಳವಿತ್ತು, ಕನ್ನಡ ಶಾಲೆಯ ಶಿಕ್ಷಕಿಯಾದ ಹೆಂಡತಿ ಗಿರಿಜಾಳ ಸಂಬಳವಿತ್ತು, ನವಲಿಯ ಹತ್ತಿರ ಲಾವಣಿಗೆ, ಎಂದರೆ ಗೇಣಿಗೆ, ಕೊಟ್ಟ ನಾಲ್ಕು ಎಕರೆ ಗದ್ದೆಯಿತ್ತು. ಕಂತು ಸಲೀಸಾಗಿ ಹೋಗುತ್ತಿತ್ತು. ಹಾಗೆ ಹೋದದ್ದೇ ತಪ್ಪಾಯಿತು. ಒಂದು ದಿನ ಬ್ಯಾಂಕಿನ ಮ್ಯಾನೇಜರರು ಫೋನ್ ಮಾಡಿ, ‘ಸರ, ನಿಮ್ಮ ಮನಿ ರೇಟು ಭಾಳ ಏರೈತ್ರಿ. ಇದ್ದ ಸಾಲದ ಮ್ಯಾಲ ಟಾಪ್-ಅಪ್ ಸಾಲ ತಗೊಳ್ರಿ. ನಿಮ್ಮಂಥೋರಿಗೆ ಕೊಡ್ಲಿಲ್ಲಂದ್ರ ಇನ್ಯಾರಿಗೆ ಕೊಡೂದ್ರಿ?’ ಎಂದರು. ಮನೆ ಇದ್ದಲ್ಲೇ ಇತ್ತು, ಒಂದು ಇಟ್ಟಿಗೆಯೂ ಹೆಚ್ಚಾಗಿರಲಿಲ್ಲ. ಆದರೂ ಫೋನ್ ಇಟ್ಟ ಮೇಲೆ ನನ್ನ ನಡಿಗೆಯೇ ಬದಲಾಯಿತು. ಸ್ಥಿರ ಬಡ್ಡಿಯೋ, ಏರಿಳಿಯುತ್ತ ತೇಲುವ ಬಡ್ಡಿಯೋ ಎಂದು ಅವರು ಕೇಳಿದಾಗ, ವಿರೂಪಾಪುರಗಡ್ಡೆಯ ಹತ್ತಿರ ಹರಿಗೋಲು ಗಿರಗಿರ ತಿರುಗಿದಾಗ ನಾನು ಅಂಬಿಗನ ಕಾಲು ಹಿಡಿದುಕೊಂಡದ್ದನ್ನು ಮರೆತು, ‘ತೇಲೂದ ಇರಲಿ ಬಿಡ್ರಿ’ ಎಂದೆ.

ಈ ಅಡಮಾನ ಎಂಬ ಪದವನ್ನೇ ನೋಡಿ. ಅದರ ಬಾಲದಲ್ಲೊಂದು ‘ಮಾನ’ ಕೂತಿದೆ. ಪದಗಳ ಮೂಲ ಬಲ್ಲವರು ನನ್ನ ಪಾಂಡಿತ್ಯಕ್ಕೆ ನಕ್ಕಾರು. ಆದರೆ ನನ್ನಜ್ಜನ ಮಟ್ಟಿಗೆ ಅದು ಸರಿಯೇ ಇತ್ತು. ಆತ ಒಮ್ಮೆ ಅಜ್ಜಿಯ ಪಾಟಲಿ ಬಳೆ ಅಡವಿಟ್ಟು, ಬಿಡಿಸಿಕೊಳ್ಳುವ ತನಕ ಸಂತೆಗೆ ಸುತ್ತುದಾರಿಯಲ್ಲಿ ಹೋಗುತ್ತಿದ್ದನಂತೆ. ನಾವೋ ಅಡಮಾನ ಇಟ್ಟ ಮೇಲೆಯೇ ಮಾನವಂತರಾಗುವವರು. ಬೆಳಗಿನ ವಾಕಿಂಗಿನಲ್ಲಿ ‘ನಿಮ್ದು ಎಷ್ಟು ವರ್ಷದ್ದು?’ ಎಂದು ಒಬ್ಬರನ್ನೊಬ್ಬರು ಕೇಳುವುದು ವಯಸ್ಸನ್ನಲ್ಲ, ಸಾಲವನ್ನು. ತಮಗೆ ಸಾಲವೇ ಇಲ್ಲ ಎಂದ ನಿವೃತ್ತ ಅಧಿಕಾರಿಯೊಬ್ಬರನ್ನು, ಪಾಪ, ಯಾವ ಬ್ಯಾಂಕಿನವರೂ ಕೊಡಲಿಲ್ಲವೇನೋ ಎಂದು ನಾವೆಲ್ಲ ಕನಿಕರದಿಂದ ನೋಡಿದೆವು.

ಟಾಪ್-ಅಪ್ ಹಣದಲ್ಲಿ ಮಾಡ್ಯುಲರ್ ಕಿಚನ್ ಬಂತು. ಹಾಲಿನಂಥ ಬಿಳಿ ಬಾಗಿಲುಗಳು, ಸದ್ದಿಲ್ಲದೆ ತಾವೇ ಮುಚ್ಚಿಕೊಳ್ಳುವ ಡ್ರಾಯರುಗಳು, ಗಾಜಿನ ಒಲೆ. ಮೊದಲ ದಿನ ಗಿರಿಜಾ ಆ ಗಾಜಿನ ಮೇಲೆ ತನ್ನ ತವರು ಕುಕನೂರಿನಿಂದ ತಂದ ಕಬ್ಬಿಣದ ಹಂಚು ಇಟ್ಟಳು. ನಡುವೆ ತಗ್ಗಿರುವ ಹಂಚು ತೊಟ್ಟಿಲಿನಂತೆ ತೂಗಾಡಿತು. ಇರಲಿ ಎಂದು ಪಕ್ಕದ ಕಟ್ಟೆಯ ಮೇಲೆ ಜೋಳದ ರೊಟ್ಟಿ ಬಡಿಯತೊಡಗಿದಳು. ನಾಲ್ಕನೇ ಪೆಟ್ಟಿಗೆ ಡ್ರಾಯರುಗಳು ಒಂದೊಂದಾಗಿ ತೆರೆದುಕೊಂಡವು, ಬಿಳಿ ಬಾಗಿಲುಗಳ ಮೇಲೆಲ್ಲ ಹಿಟ್ಟು ಹಾರಿತು. ಕಿಚನ್ ಜೋಡಿಸಲು ಬಂದಿದ್ದ ಫಿಟ್ಟರ್ ಓಡಿ ಬಂದ.

‘ಅಕ್ಕಾರ, ಇದರ ಮ್ಯಾಲ ಬಡೀಬ್ಯಾಡ್ರಿ! ಗ್ಯಾರಂಟಿ ಹೋಗ್ತೈತ್ರಿ!’

‘ಹಂಗಾದ್ರ ಇದರಾಗ ಏನ್ ಮಾಡ್ಬೇಕಪಾ?’

‘ಪಾಸ್ತಾ ಮಾಡ್ರಿ.’

ಗಿರಿಜಾ ಹಂಚನ್ನೂ ಹಿಟ್ಟಿನ ಡಬ್ಬಿಯನ್ನೂ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಅಲ್ಲಿ ನಾಲ್ಕು ಕಂಬ, ಮೇಲೆ ತಗಡು, ಕೆಳಗೆ ಕಟ್ಟಿಗೆ ಒಲೆ. ಕ್ರಮೇಣ ಮನೆಯೇ ಅಲ್ಲಿಗೆ ಸರಿಯಿತು. ಮಗಳು ಅಲ್ಲೇ ಓದುತ್ತಾಳೆ, ನಾನು ಅಲ್ಲೇ ಪೇಪರು ತಿದ್ದುತ್ತೇನೆ. ಪಕ್ಕದ ಮನೆಯ ರೈಸ್ ಮಿಲ್ಲಿನ ವೀರಣ್ಣನವರ ಅಡುಗೆಮನೆ ನಮ್ಮದಕ್ಕಿಂತ ದೊಡ್ಡದು, ಆದ್ದರಿಂದ ಅವರ ಮನೆಗೆ ರೊಟ್ಟಿ ಅಂಗಡಿಯಿಂದ ಡಜನ್ ಲೆಕ್ಕದಲ್ಲಿ ಬರುತ್ತದೆ. ಸಂಜೆಯಾದರೆ ಅವರು ಹಿತ್ತಲ ಗೇಟಿನಿಂದ ಬಂದು, ‘ಅಕ್ಕಾರ, ಒಂದ ಬಿಸಿ ರೊಟ್ಟಿ ಕೊಡ್ರಿ’ ಎಂದು ಮಣೆ ಎಳೆದುಕೊಂಡು ಕೂತುಬಿಡುತ್ತಾರೆ.

ಈ ವೀರಣ್ಣನವರೇ ಹೋದ ವರ್ಷ ಮನೆಯಲ್ಲೊಂದು ಥಿಯೇಟರ್ ಮಾಡಿಸಿದರು. ಕೆಂಪು ಕುರ್ಚಿಗಳು ಗುಂಡಿ ಒತ್ತಿದರೆ ಹಿಂದಕ್ಕೆ ವಾಲುತ್ತವೆ. ಉದ್ಘಾಟನೆಯ ದಿನ ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಅವರೇ. ಅದನ್ನು ಕಂಡೂ ನನಗೆ ಬುದ್ಧಿ ಬರಲಿಲ್ಲ, ಹೊಟ್ಟೆಕಿಚ್ಚು ಬಂತು, ನಮಗೂ ಒಂದು ಥಿಯೇಟರ್ ಬೇಕೆನಿಸಿತು. ಮ್ಯಾನೇಜರರು ಇನ್ನೊಂದು ಟಾಪ್-ಅಪ್‌ಗೆ ಸಿದ್ಧರಿದ್ದರು. ಕಂತು ನಾನು ನಿವೃತ್ತನಾದ ಮೇಲೂ ಐದು ವರ್ಷ ನಡೆಯುತ್ತದೆ, ಅಷ್ಟೆ. ಎಂಜಿನಿಯರು ಅಳತೆ ಮಾಡಿ, ಥಿಯೇಟರಿಗೆ ಹಿತ್ತಲು ಬಿಟ್ಟರೆ ಬೇರೆ ಜಾಗವಿಲ್ಲ, ಆ ತಗಡಿನ ಶೆಡ್ ತೆಗೆಸಿಬಿಡಿ ಎಂದರು.

ಸಾಲ ಇಬ್ಬರ ಹೆಸರಿನಲ್ಲಿರುವುದರಿಂದ ಗಿರಿಜಾಳ ಸಹಿ ಬೇಕಿತ್ತು. ಅವಳು ಸಹಿ ಹಾಕದೆ ಸಾಲದ ಅರ್ಜಿಯನ್ನು ಪಕ್ಕಕ್ಕಿಟ್ಟಳು. ಮರುದಿನದಿಂದ ಬಿಳಿ ಅಡುಗೆಮನೆಗೆ ಹೋಗಿ ಗಾಜಿನ ಒಲೆಯ ಮೇಲೆ ಕುಕ್ಕರ್ ಇಟ್ಟಳು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ಸಂಜೆ ಅನ್ನ. ಗಂಗಾವತಿಯಲ್ಲಿ ಅಕ್ಕಿಗೇನು ಬರ? ಊಟದ ಮೇಜಿನ ಸುತ್ತ ಮೂವರೂ ಫೋನ್ ನೋಡುತ್ತ ಉಂಡೆವು. ವೀರಣ್ಣನವರು ಎಂದಿನಂತೆ ಹಿತ್ತಲಿಗೆ ಬಂದವರು ತಣ್ಣಗಿನ ಹಂಚನ್ನು ನೋಡಿ ಗೇಟು ಹಾಕಿಕೊಂಡು ಹೋದರು. ನಾಲ್ಕನೇ ದಿನ ಮಗಳು, ‘ಅಪ್ಪಾ, ನಾವ್ಯಾಕ ಈಗ ಹೊರಗ ಕುಂದ್ರಂಗಿಲ್ಲ?’ ಎಂದು ಕೇಳಿದಾಗ ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದೆ. ಕೆಂಪು ಕುರ್ಚಿ ಮಾತ್ರ ತಲೆಯಿಂದ ಇಳಿಯಲಿಲ್ಲ.

ಶನಿವಾರ ಮನೆಗೆ ಬೆಲೆ ಕಟ್ಟಲು ಬ್ಯಾಂಕಿನ ಕಡೆಯವರೊಬ್ಬರು ಬಂದರು. ಗೋಡೆ ತಟ್ಟಿದರು, ಗ್ರಾನೈಟ್ ಸವರಿದರು, ಬಿಳಿ ಅಡುಗೆಮನೆಯನ್ನು ಕಂಡು ಹುಬ್ಬೇರಿಸಿ ಬರೆದುಕೊಂಡರು. ಹಿತ್ತಲಿಗೆ ಬಂದಾಗ ಮಾತ್ರ ಪೆನ್ನು ಮುಚ್ಚಿದರು. ಪರೀಕ್ಷೆಯಲ್ಲಿ ಮಕ್ಕಳ ಬೆನ್ನ ಹಿಂದೆ ನಿಂತಂತೆ ಅವರ ಹಿಂದೆಯೇ ತಿರುಗುತ್ತಿದ್ದ ಗಿರಿಜಾ ಕೇಳಿದಳು:

‘ಸರ, ಈ ಶೆಡ್ ಬರಕೊಳ್ಳಲಿಲ್ಲಲ್ರಿ?’

‘ಇದು ಪ್ಲ್ಯಾನಿನಾಗ ಇಲ್ರಿ ಅಕ್ಕಾರ. ಇದರ ಕಿಮ್ಮತ್ತು ಸೊನ್ನೆ.’

‘ಅಂದ್ರ ಇದು ಬ್ಯಾಂಕಿಗೆ ಒತ್ತಿ ಬಿದ್ದಿಲ್ಲನ್ರಿ?’

‘ನಮ್ಮ ಕಾಗದದಾಗಂತೂ ಇಲ್ರಿ.’

ಅವಳು ನನ್ನ ಕಡೆ ತಿರುಗಿದಳು. ‘ಕೇಳಿದ್ರೇನ್ರಿ? ಇಷ್ಟ ದೊಡ್ಡ ಮನ್ಯಾಗ ನಮ್ದು ಅನ್ನೂದು ಇದೊಂದ ಉಳದೈತಿ. ಇದನ್ನ ಕೆಡವಾಕ ನನ್ನ ಸಹಿ ಕೇಳ್ತೀರಿ?’

ವಕೀಲರನ್ನು ಕೇಳಿದ್ದರೆ, ತಗಡಿನ ಕೆಳಗಿನ ನೆಲವೂ ಬ್ಯಾಂಕಿಗೆ ಸೇರಿದ್ದೇ ಎನ್ನುತ್ತಿದ್ದರು. ನಾನು ಕೇಳಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಇಪ್ಪತ್ತು ವರ್ಷ ಹೇಳಿಕೊಟ್ಟ ಪಾಠದಲ್ಲಿ ಅಗತ್ಯ ಯಾವುದೆಂದು ನನಗೇ ತಿಳಿದಿರಲಿಲ್ಲ. ಬಂದವರಿಗೆ ಚಹಾ ಕುಡಿಸಿ ಕಳಿಸಿ, ಅರ್ಜಿಯನ್ನು ಹಿತ್ತಲ ಒಲೆಗೇ ಹಾಕಿದೆ. ಒಳ್ಳೆಯ ಕಾಗದ, ಬೇಗ ಹೊತ್ತಿಕೊಂಡಿತು. ಗಿರಿಜಾ ಅದರ ಮೇಲೆ ಕಟ್ಟಿಗೆ ಒಡ್ಡಿ ಹಂಚಿಟ್ಟಳು. ರೊಟ್ಟಿ ಬಡಿಯುವ ಸದ್ದಿಗೆ ಹಿತ್ತಲ ಗೇಟು ತಾನಾಗಿ ಕಿರ್ರೆಂದಿತು. ವೀರಣ್ಣನವರು ತಮ್ಮ ಥಿಯೇಟರನ್ನು ಬಿಟ್ಟು ಬಂದಿದ್ದರು.

ಹಳೆಯ ಸಾಲ ಇನ್ನೂ ಇದೆ, ತೇಲುತ್ತಲೇ ಇದೆ. ಪ್ರತಿ ತಿಂಗಳ ಐದನೇ ತಾರೀಖು, ನಾವು ಶೆಡ್ಡಿನಲ್ಲಿ ಕೂತಿರುವಾಗ, ಕಂತು ಕಡಿತವಾಯಿತೆಂದು ನನ್ನ ಫೋನ್ ‘ಟಣ್’ ಎನ್ನುತ್ತದೆ. ಒಳಗಿನ ಅಡುಗೆಮನೆಯ ಊಟವಾಯಿತು ಎಂದುಕೊಂಡು, ನಾವು ಹೊರಗೆ ಉಣ್ಣುತ್ತೇವೆ.