ಅಣಬೆ ಶೆಡ್ಡಿನ ಅಕ್ಕ

ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ. ಹೋದ ವಾರ ಅಲ್ಲಿಗೆ ಬಚ್ಚಲುಮನೆಯ ಪಿಂಗಾಣಿ ಸಾಮಾನು ಬಂತು. ಒಡೆಯದಿರಲೆಂದು ಒಂದೊಂದನ್ನೂ ಭತ್ತದ ಹುಲ್ಲಿನಲ್ಲಿ ಸುತ್ತಿದ್ದರು. ಸಾಮಾನು ಒಳಗೆ ಹೋಯಿತು, ಹುಲ್ಲು ರಸ್ತೆಯ ಬದಿಗೆ ಬಿತ್ತು. ಅದರ ಮೇಲೆ ಮಳೆ ಸುರಿದು, ಬೆಳಿಗ್ಗೆ ಬಿಸಿಲು ಬಿದ್ದಾಗ ಸಣ್ಣಗೆ ಹಬೆಯಾಡತೊಡಗಿತು. ಆಫೀಸಿಗೆ ಹೊರಟು ಸ್ಕೂಟರ್ ತೆಗೆಯುತ್ತಿದ್ದ ನನಗೆ ಆ ವಾಸನೆ ಬಡಿಯಿತು. ನೆನೆದ ಹುಲ್ಲು, ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ಎಲ್ಲೋ ಒಳಗೆ ಮಣ್ಣು... ಅಟ್ಟೂರಿನ ನಮ್ಮ ಬೀದಿಯಲ್ಲಿ ನಿಂತಿದ್ದ ಹಾಗೆಯೇ ನಾನು ಚಿಕ್ಕಬಾಣಾವರದ ಒಂದು ಶೆಡ್ಡಿನ ಬಾಗಿಲಿಗೆ ಹೋಗಿಬಿಟ್ಟಿದ್ದೆ.

ಆ ಶೆಡ್ಡಿಗೆ ಹೋಗುತ್ತಿದ್ದ ಕಾಲಕ್ಕೆ ನನಗೆ ನಲವತ್ತು ದಾಟಿತ್ತು. ಹೆಬ್ಬಾಳದ ಹತ್ತಿರ, ಆರೋಗ್ಯ ವಿಮೆಯ ಕ್ಲೇಮುಗಳನ್ನು ನೋಡುವ ಆಫೀಸೊಂದರಲ್ಲಿ ಕೆಲಸ. ಆಸ್ಪತ್ರೆಯ ಬಿಲ್ಲಿಗೆ ಹಣ ಕೊಡಲಾಗುವುದಿಲ್ಲವೆಂದು ಮೇಲಿನವರು ತೀರ್ಮಾನಿಸಿದ ಮೇಲೆ, ಆ ಮನೆಯವರಿಗೆ ಫೋನು ಮಾಡಿ ತಿಳಿಸಬೇಕಾದವಳು ನಾನು. 'ಇಲ್ಲ' ಎಂಬ ಮಾತು ಬಾಯಿಂದ ಬರಬಾರದೆಂದು ತರಬೇತಿಯಲ್ಲೇ ಹೇಳಿಕೊಟ್ಟಿದ್ದರು. "ಪಾಲಿಸಿಯ ನಿಯಮಗಳ ಪ್ರಕಾರ ಪರಿಗಣಿಸಲು ಸಾಧ್ಯವಾಗುತ್ತಿಲ್ಲ" ಅನ್ನಬೇಕು. ಆ ಕಡೆ ಒಂದಿಷ್ಟು ಹೊತ್ತು ಸದ್ದಿರುತ್ತಿರಲಿಲ್ಲ. ಆಮೇಲೆ ಯಾರಾದರೂ ಮೆಲ್ಲಗೆ, "ಅಂದ್ರೆ... ಸಿಗುತ್ತೆ ಅಲ್ವಾ ಮೇಡಂ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನಾನು ಸೋತುಹೋಗಿದ್ದೆ. ಮನೆಗೆ ಬಂದರೆ ಗಂಡನ ಜೊತೆಗೂ ಮಾತು ಬೇಡವಾಗುತ್ತಿತ್ತು.

ಕೆಲಸ ಬಿಟ್ಟು ಸ್ವಂತದ್ದೇನಾದರೂ ಮಾಡುತ್ತೇನೆ ಎಂದಾಗ ಗಂಡ ಬೇಡವೆನ್ನಲಿಲ್ಲ. "ಬಿಡೋದಾದ್ರೆ ಬಿಡು. ಆದ್ರೆ ಮೊಬೈಲಲ್ಲಿ ವಿಡಿಯೋ ನೋಡ್ಕೊಂಡು ಬಿಡ್ಬೇಡ. ಆ ಕೆಲ್ಸ ಮಾಡ್ತಿರೋರ ಹತ್ರ ಹೋಗಿ, ಕೂತು ಕೇಳು" ಅಂದರು.

ಹಾಗೆ ರಜೆಯ ದಿನಗಳಲ್ಲಿ ಕೇಳುತ್ತಾ ತಿರುಗಿದೆ. ಆರ್.ಟಿ. ನಗರದಲ್ಲಿ ಬಟ್ಟೆ ಹೊಲಿಸಿ ಮಾರುತ್ತಿದ್ದ ಗೆಳತಿ, ಎಲ್ಲ ಚೆನ್ನಾಗಿದೆ ಎನ್ನುತ್ತಾ ಮಾತಿನುದ್ದಕ್ಕೂ ಖಾಲಿ ಬಾಗಿಲನ್ನೇ ನೋಡುತ್ತಿದ್ದಳು. ಯಲಹಂಕದ ಬೇಕರಿಯವರು, ನಾನು ಎದುರಿಗೇ ಅಂಗಡಿ ಹಾಕಿಬಿಟ್ಟರೆ ಎಂದು ಹೆದರಿದರೋ ಏನೋ, "ಬರೀ ಲಾಸು ಮೇಡಂ" ಎಂದು ಟೀ ಕುಡಿಸಿ ಕಳಿಸಿದರು. ಯಾರನ್ನೂ ತಪ್ಪೆನ್ನಲಾರೆ. ಗುರುತಿಲ್ಲದವಳೊಬ್ಬಳು ಬಂದು ನಿಮ್ಮ ಬದುಕು ಹೇಗಿದೆ ಎಂದು ಕೇಳಿದರೆ ಯಾರು ತಾನೆ ಬಿಚ್ಚಿ ಹೇಳುತ್ತಾರೆ?

ನಾವು ತರಕಾರಿ ತರುವ ಅಂಗಡಿಗೆ ಚಿಪ್ಪಣಬೆಯ ಪೊಟ್ಟಣಗಳು ಬರುತ್ತಿದ್ದವು. ಎಲ್ಲಿಂದ ಬರುತ್ತವೆ ಎಂದು ವಿಚಾರಿಸಿದಾಗ ಅಂಗಡಿಯವರು ಒಂದು ನಂಬರು ಕೊಟ್ಟರು. ಫೋನು ಎತ್ತಿದ ಹೆಂಗಸಿನ ದನಿ ಒರಟಾಗಿತ್ತು. "ಕೇಳಕ್ಕೇನು, ಬನ್ನಿ ಮೇಡಂ. ಶನಿವಾರ ಬನ್ನಿ, ಉಲ್ಲು ಬೇಯಿಸ್ತೀನಿ, ಕಣ್ಣಾರೆ ನೋಡಬಹುದು."

ಅವರಿಗೆ ಐವತ್ತೈದರ ಆಸುಪಾಸು. ಸೀರೆಯ ಮೇಲೆ ತೀರಿಹೋದ ಗಂಡನ ತುಂಬುತೋಳಿನ ಅಂಗಿ ತೊಟ್ಟಿದ್ದರು. ಹೊಲವೆಲ್ಲ ಲೇಔಟ್ ಆಗಿ, ಮನೆಯ ಹಿಂದೆ ಉಳಿದ ತುಂಡು ಜಾಗದಲ್ಲಿ ಆ ಶೆಡ್ಡು. ಜೊತೆಗಿದ್ದವಳು ಕಾಲೇಜಿಗೆ ಹೋಗುವ ಅಣ್ಣನ ಮಗಳು ಒಬ್ಬಳೇ. ನಾನು ಅವರನ್ನು ಅಕ್ಕ ಎಂದೆ. ಎರಡನೆಯ ಭೇಟಿಯಷ್ಟರಲ್ಲಿ ಅವರ ಬಾಯಲ್ಲಿ ಮೇಡಂ ಹೋಗಿ 'ಕಣವ್ವ' ಬಂದಿತ್ತು.

ಕೆಲಸದ ವಿಷಯದಲ್ಲಿ ಅಕ್ಕ ಯಾವುದನ್ನೂ ಮುಚ್ಚಿಡಲಿಲ್ಲ. ಹುಲ್ಲು ಕತ್ತರಿಸಿ, ನೆನೆಸಿ, ಡ್ರಮ್ಮಿನಲ್ಲಿ ಬೇಯಿಸಿ, ನೀರು ಬಸಿದು, ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲು, ಬೀಜ, ಹುಲ್ಲು, ಬೀಜ ಎಂದು ಪದರ ಪದರವಾಗಿ ತುಂಬುವುದನ್ನು ನನ್ನ ಕೈಯಲ್ಲೇ ಮಾಡಿಸಿದರು. ಯಾವ ಹೋಟೆಲಿನವರು ಕೊಂಡು ಹಣಕ್ಕೆ ಸತಾಯಿಸುತ್ತಾರೆ, ಬೇಸಿಗೆಯಲ್ಲಿ ಶೆಡ್ಡು ಕಾದರೆ ಬೆಳೆ ಹೇಗೆ ಕೈಕೊಡುತ್ತದೆ, ಬೆಳಿಗ್ಗೆ ಕಿತ್ತದ್ದು ಮಾರಾಟವಾಗದೆ ಉಳಿದರೆ ಮನೆಯಲ್ಲಿ ಎಷ್ಟು ದಿನ ಅದೇ ಸಾರು... ನಗುತ್ತಾ ಹೇಳುತ್ತಿದ್ದರು. ನಕ್ಕಾಗ ಕೆಮ್ಮು ಬರುತ್ತಿತ್ತು. ಮುಖ ಆಚೆ ತಿರುಗಿಸಿ, ಕೆಮ್ಮಿ ಮುಗಿಸಿ, ನಿಲ್ಲಿಸಿದಲ್ಲಿಂದಲೇ ಮಾತು ಮುಂದುವರಿಸುತ್ತಿದ್ದರು.

ಶೆಡ್ಡನ್ನು ಬೇರೆಯವರಿಗೆ ವಹಿಸಿಕೊಡುವ ಯೋಚನೆಯಲ್ಲಿದ್ದೇನೆ ಎಂದು ಮೊದಲ ದಿನವೇ ತಿಳಿಸಿದ್ದರು. "ನಂಗೂ ವಯಸ್ಸಾಯ್ತಲ್ಲ. ತಗೊಳೋರು ಸಿಕ್ಕಿದ್ರೆ ಗಿರಾಕಿಗಳ್ನೂ ತೋರಿಸ್ಕೊಟ್ಬಿಡ್ತೀನಿ. ತಿಂಗ್ಳಾ ತಿಂಗ್ಳಾ ಬಾಡಿಗೆ ಬಂದ್ರೆ ನಮ್ಮಿಬ್ರಿಗೂ ಸಾಕು." ಅವರಿಗೆ ಬೇರೆ ಆದಾಯವಿರಲಿಲ್ಲ. ನನಗೂ ಅದು ಕೂಡಿಬಂದ ಹಾಗೆ ಕಂಡಿತು. ಕೆಲವು ಶನಿವಾರಗಳಾದ ಮೇಲೆ ಮನಸ್ಸು ಗಟ್ಟಿಮಾಡಿಕೊಂಡೆ. ಶೆಡ್ಡು ನಾನೇ ತೆಗೆದುಕೊಳ್ಳುತ್ತೇನೆಂದು ಹೇಳಲು ಮೈಸೂರುಪಾಕು ಕಟ್ಟಿಸಿಕೊಂಡು ಹೋದೆ.

ಅಕ್ಕ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಇಲ್ಲಿ ಬಾ" ಎಂದು ಶೆಡ್ಡಿನಿಂದ ದೂರ, ಮನೆಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕೂರಿಸಿದರು.

"ವಯಸ್ಸಾಯ್ತು ಅಂದಿದ್ನಲ್ಲ, ಅದು ಸುಳ್ಳು ಕಣವ್ವ. ಅಣಬೆ ಬಿರಿದ ಮ್ಯಾಲೆ ಬಿಳೀ ದೂಳು ಬಿಡ್ತದೆ. ಅದು ಎದೇಲಿ ಕುಂತೈತೆ ಅಂತ ಡಾಕ್ಟ್ರು ಅಂದವ್ರೆ. ಇನ್ನು ಒಳಿಕ್ಕೆ ಓಗ್ಲೇಬೇಡ ಅಂದವ್ರೆ."

"ಎಲ್ಲರಿಗೂ ಹಾಗಾಗಲ್ಲ ಅಲ್ವಾ ಅಕ್ಕ?" ಅಂದೆ.

"ಇಲ್ಲ. ನಮ್ಮೂರಾಗೇ ಇನ್ನೊಬ್ರು ಬೆಳೀತಾರೆ, ಗುಂಡುಕಲ್ಲಿನಂಗವ್ರೆ. ಆದ್ರೆ ನೀನು ಒಳಗೆ ಬಂದಾಗ್ಲೆಲ್ಲ ಸೀನ್ತೀಯ, ಕಣ್ಣು ಕೆಂಪಾಯ್ತದೆ. ನಂಗೂ ಇಂಗೇ ಶುರುವಾಗಿದ್ದು."

"ಮಾಸ್ಕ್ ಹಾಕ್ಕೊಂಡ್ರೆ?"

"ಆಕ್ಕೋಬೇಕಿತ್ತು, ನಾನು ಆಕ್ಕೊಳ್ಲಿಲ್ಲ. ನೀನು ಆಕ್ಕೊಂಡ್ರೆ ಏನಾಯ್ತದೋ, ಅದು ನಂಗೊತ್ತಿಲ್ಲ. ಗೊತ್ತಿಲ್ದೇ ಇರೋದ್ನ ಎಂಗೆ ಏಳ್ಲಿ?"

ಇದನ್ನು ಹೇಳಿದರೆ ನಾನು ಹಿಂದೆ ಸರಿಯುತ್ತೇನೆಂದು ಗೊತ್ತಿರಲಿಲ್ಲವೇ ಎಂದು ಕೇಳಿದೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಗೊತ್ತಿತ್ತು. ಆದ್ರೆ ನೀನು ಕೇಳಕ್ಕೆ ತಾನೆ ಬಂದಿದ್ದು?"

ಆಮೇಲೆ ಅವರೇ ಕೇಳಿದರು, ನಿನ್ನ ಆಫೀಸಿನ ಕೆಲಸ ಅಂಥಾದ್ದೇನು, ಯಾಕೆ ಬಿಡುತ್ತೀಯ ಎಂದು. ಅಲ್ಲಿಯವರೆಗೆ ಯಾರೂ ಹಾಗೆ ಕೂರಿಸಿಕೊಂಡು ಕೇಳಿರಲಿಲ್ಲ. ಫೋನುಗಳ ವಿಷಯ ಹೇಳಿದೆ, ಆ ಕಡೆಯ ಮೌನದ ವಿಷಯ, ಸಿಗುತ್ತೆ ಅಲ್ವಾ ಎನ್ನುವ ದನಿಗಳ ವಿಷಯ... ಅಕ್ಕ ಪೂರ್ತಿ ಕೇಳಿಸಿಕೊಂಡು, "ಅದೂ ಎದೇಲಿ ಕೂರೋ ಕೆಲ್ಸಾನೇ ಬಿಡು" ಅಂದರು. ಸಮಾಧಾನದ ಮಾತೇನೂ ಹೇಳಲಿಲ್ಲ. ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. ಆಗ ಮೈಸೂರುಪಾಕಿನ ಪೊಟ್ಟಣ ಬಿಚ್ಚಿ ಇಬ್ಬರೂ ಒಂದೊಂದು ತುಂಡು ತಿಂದೆವು.

ಸ್ಕೂಟರಿನಲ್ಲಿ ವಾಪಸು ಬರುವಾಗ ನನಗೆ ಕೃತಜ್ಞತೆಯೇನೂ ಹುಟ್ಟಿರಲಿಲ್ಲ. ಸಿಟ್ಟು ಬಂದಿತ್ತು. ತೆರೆದಿದ್ದ ಒಂದೇ ಬಾಗಿಲನ್ನು ನನ್ನ ಮುಖದ ಮೇಲೆ ಹಾಕಿಬಿಟ್ಟರಲ್ಲ ಎಂದು. ಸೋಮವಾರ ಮತ್ತೆ ಆಫೀಸಿಗೆ ಹೋದೆ. ಅಂದಿನಿಂದ ಇಂದಿನವರೆಗೂ ಹೋಗುತ್ತಲೇ ಇದ್ದೇನೆ.

ನನ್ನ ನಂತರವೂ ಶೆಡ್ಡು ನೋಡಲು ಒಂದಿಬ್ಬರು ಬಂದಿದ್ದರಂತೆ. ಅಕ್ಕ ಅವರಿಗೂ ಕೆಮ್ಮಿನ ವಿಷಯ ಹೇಳಿದರು, ಅವರೂ ಹೋದರು. ಕೊನೆಗೆ ಬೀಜ ತರಿಸುವುದನ್ನು ನಿಲ್ಲಿಸಿ, ಶಾಮಿಯಾನದವರಿಗೆ ಸಾಮಾನು ಇಡಲು ಶೆಡ್ಡನ್ನು ಕಡಿಮೆ ಬಾಡಿಗೆಗೆ ಕೊಟ್ಟರು. ಅದು ಸಾಲದೆ ಯಶವಂತಪುರದ ಲೇಡೀಸ್ ಹಾಸ್ಟೆಲೊಂದರ ಬಾಗಿಲಲ್ಲಿ ಕೂರುವ ಕೆಲಸ ಹಿಡಿದರು. ನಾನು ಒಮ್ಮೆ ಅಲ್ಲಿಗೆ ಹೋಗಿದ್ದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಉಸಿರು ಎಳೆದುಕೊಳ್ಳುತ್ತಿದ್ದರು. "ಏನ್ ಸಮಾಚಾರ, ಆಫೀಸು ಬಿಟ್ಯಾ?" ಎಂದು ಕೇಳಿದರು. ಇಲ್ಲವೆಂದೆ. ಇಬ್ಬರೂ ನಕ್ಕೆವು. ಈ ಸಲ ನಗು ಬೇಗ ನಿಲ್ಲಿಸಿದರು, ಕೆಮ್ಮು ಬರಬಾರದೆಂದು.

ಆಮೇಲೆ ಹಬ್ಬಕ್ಕೊಂದು ಫೋನು, ಅದೂ ಕಡಿಮೆಯಾಯಿತು... ಒಂದು ಮಧ್ಯಾಹ್ನ ಅವರ ನಂಬರಿನಿಂದ ಕರೆ ಬಂತು. ಮಾತಾಡಿದ್ದು ಅಣ್ಣನ ಮಗಳು. ಅತ್ತೆ ಹೋಗಿ ತಿಂಗಳಾಯಿತು, ಯಾರ್ಯಾರಿಗೆ ತಿಳಿಸಬೇಕೋ ಗೊತ್ತಾಗಲಿಲ್ಲ, ಫೋನಿನಲ್ಲಿರುವ ಹೆಸರುಗಳಿಗೆಲ್ಲ ಒಂದೊಂದಾಗಿ ಮಾಡುತ್ತಿದ್ದೇನೆ ಎಂದಳು. ನನ್ನ ಹೆಸರು ಅದರಲ್ಲಿ ಹೇಗಿತ್ತೋ ಕೇಳಲಿಲ್ಲ. ಆ ಹುಡುಗಿ ಸುತ್ತಿಬಳಸದೆ ಹೇಳಿದಳು. ಹೇಳಿ, ನಾನು ಅಳು ಮುಗಿಸುವ ತನಕ ಫೋನು ಇಡದೆ ಕಾದಳು.

ಈಚೆಗೆ ನಾನೂ ತರಬೇತಿಯ ವಾಕ್ಯವನ್ನು ಬಿಟ್ಟಿದ್ದೇನೆ. "ಕ್ಲೇಮು ಸಿಗಲ್ಲ, ಬೇರೆ ಏನಾದ್ರೂ ವ್ಯವಸ್ಥೆ ಮಾಡ್ಕೊಳ್ಳಿ" ಎಂದು ಮೊದಲೇ ಹೇಳಿ, ಅವರು ಮಾತಾಡುವವರೆಗೆ ಕಾಯುತ್ತೇನೆ. ಕೆಲವರು ಬೈಯುತ್ತಾರೆ. ಮೇಲಿನವರೂ ಎರಡು ಸಲ ಕರೆದು ಎಚ್ಚರಿಸಿದ್ದಾರೆ. ದಣಿವೇನೂ ಕಡಿಮೆಯಾಗಿಲ್ಲ. ಕೆಲಸ ಬಿಡುವ ಯೋಚನೆ ಈ ವರ್ಷ ಮತ್ತೆ ಬಂದಿದೆ, ಐವತ್ತರ ಹತ್ತಿರದಲ್ಲಿ. ಹೋಗಿ ಕೇಳು ಎಂದು ಗಂಡ ಈಗಲೂ ಅನ್ನುತ್ತಾರೆ. ವಿಚಾರಿಸಿದರೆ ಹೇಳುವವರು ಸಿಕ್ಕೇ ಸಿಗುತ್ತಾರೆ, ಊರು ತುಂಬ ಇದ್ದಾರೆ. ತಮಗೆ ನಷ್ಟವಾದರೂ ನಿಜ ಹೇಳುವ ಒಬ್ಬರು ನನಗೆ ಗೊತ್ತಿದ್ದರು. ಅವರಿಲ್ಲ.